ಪದ್ಯ ಒಂದೇ, ಅರ್ಥ ಹೊಸದು

ರಾತ್ರಿ ಎಂಟೂವರೆಯ ಹೊತ್ತಿಗೆ ಕುಂದಾಪುರ, ಬೈಂದೂರು, ಬ್ರಹ್ಮಾವರದ ಪೇಟೆಗಳಲ್ಲಿ ಅಂಗಡಿಗಳ ಶಟರುಗಳು ಒಂದೊಂದಾಗಿ ಇಳಿಯತೊಡಗುತ್ತವೆ. ವರ್ತಕನು ಗಲ್ಲಾಪೆಟ್ಟಿಗೆಯ ಲೆಕ್ಕ ತಾಳೆ ನೋಡಿ, ಬೀಗದ ಕೈಯನ್ನು ಜೇಬಿಗೆ ಸೇರಿಸಿ ಮನೆಯತ್ತ ಹೊರಡುತ್ತಾನೆ. ಊಟಕ್ಕೆ ಕುಳಿತಾಗ ಮಾತು ಆರಂಭವಾಗುವುದು ಬಹುತೇಕ ಒಂದೇ ಕಡೆಯಿಂದ. ಸಾಲ ಕೊಂಡವರು ಹಣ ಕೊಟ್ಟಿಲ್ಲ. ಗಿರಾಕಿ ಮೊಬೈಲಿನಲ್ಲಿ ಬೇರೆ ಬೆಲೆ ತೋರಿಸಿ ಚೌಕಾಸಿ ಮಾಡಿದ. ಕೆಲಸದ ಹುಡುಗ ಹೇಳದೆ ಕೇಳದೆ ರಜೆ ಹಾಕಿದ. ಜಿಎಸ್‌ಟಿ ವಿವರ ಸಲ್ಲಿಸುವ ದಿನ ಹತ್ತಿರ ಬಂತು. ಕೊನೆಗೊಂದು ನಿಟ್ಟುಸಿರು: ‘ಈ ವ್ಯಾಪಾರ ನನ್ನ ಕಾಲಕ್ಕೇ ಮುಗಿಯಲಿ.’ ಎದುರಿಗೆ ಕುಳಿತು ಉಣ್ಣುತ್ತಿರುವ ಮಗನೋ ಮಗಳೋ ಈ ಮಾತನ್ನು ಕೇಳಿಸಿಕೊಳ್ಳುತ್ತಾರೆ. ದಿನವೂ ಕೇಳಿಸಿಕೊಳ್ಳುತ್ತಾರೆ.

ಹತ್ತು ವರ್ಷಗಳ ಬಳಿಕ ಅದೇ ವರ್ತಕನು, ಮಕ್ಕಳು ಬೆಂಗಳೂರಿಗೋ ಮುಂಬಯಿಗೋ ಕೊಲ್ಲಿ ರಾಷ್ಟ್ರಗಳಿಗೋ ಹೋದರೆಂದೂ, ಎರಡು ತಲೆಮಾರುಗಳು ಕಟ್ಟಿ ಬೆಳೆಸಿದ ಅಂಗಡಿಯನ್ನು ನೋಡಿಕೊಳ್ಳುವವರಿಲ್ಲವೆಂದೂ ಮರುಗುತ್ತಾನೆ. ಸಂಬಳದ ಆಕರ್ಷಣೆ, ನಗರದ ಸೌಕರ್ಯ, ಉನ್ನತ ವಿದ್ಯೆ ಇವೆಲ್ಲವೂ ಮಕ್ಕಳು ಊರು ಬಿಡಲು ಕಾರಣಗಳೇ ಹೌದು. ಆದರೆ ಇನ್ನೊಂದು ಕಾರಣವನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಆ ಮಕ್ಕಳು ತಮ್ಮ ತಂದೆ ತಾಯಿ ಅಂಗಡಿಯಲ್ಲಿ ಸಂತೋಷದಿಂದಿದ್ದುದನ್ನು ಕಂಡೇ ಇಲ್ಲ. ಬೇಸರವನ್ನು ಪಿತ್ರಾರ್ಜಿತ ಆಸ್ತಿಯಾಗಿ ಸ್ವೀಕರಿಸಲು ಯಾರು ತಾನೇ ಮುಂದೆ ಬಂದಾರು?

ದುಡಿಮೆಯ ಸಂತೋಷವೆಂಬುದು ಆದುದರಿಂದ ಕೇವಲ ಮನಸ್ಸಿನ ಹಿತದ ವಿಷಯವಾಗಿ ಉಳಿದಿಲ್ಲ. ಸಣ್ಣ ಉದ್ದಿಮೆಗಳ ಉಳಿವಿನ ಪ್ರಶ್ನೆಯೂ ಅದರೊಡನೆ ಹೆಣೆದುಕೊಂಡಿದೆ. ಈ ಬಗ್ಗೆ ಉಪನ್ಯಾಸಗಳಿಗೆ ಕೊರತೆಯಿಲ್ಲ. ವ್ಯಕ್ತಿತ್ವ ವಿಕಸನ ಶಿಬಿರಗಳಲ್ಲಿ ‘ಮಾಡುವ ಕೆಲಸವನ್ನು ಪ್ರೀತಿಸಿ’ ಎಂಬ ಬೋಧನೆ ಧಾರಾಳವಾಗಿ ದೊರೆಯುತ್ತದೆ. ಕೇಳಿದವರು ಚಪ್ಪಾಳೆ ತಟ್ಟಿ, ಮರುದಿನ ಅದೇ ತಕ್ಕಡಿಯ ಮುಂದೆ ಅದೇ ಮುಖ ಹೊತ್ತು ನಿಲ್ಲುತ್ತಾರೆ. ತಪ್ಪು ಕೇಳುಗರದಲ್ಲ. ಪ್ರೀತಿಸೆಂದು ಆಜ್ಞಾಪಿಸಿದರೆ ಪ್ರೀತಿ ಹುಟ್ಟುವುದಿಲ್ಲ. ಅದು ಹುಟ್ಟಲು ಕೆಲಸದ ಒಳಗೇ ಒಂದಿಷ್ಟು ಜಾಗ ಬೇಕು. ಆ ಜಾಗ ಯಾವುದೆಂಬುದನ್ನು ತಿಳಿಯಲು ಈ ಸೀಮೆಯವರು ದೂರ ಹೋಗಬೇಕಾಗಿಲ್ಲ.

ಚೌಕಿಯಿಂದ ಕಲಿಯುವ ಪಾಠ

ದೀಪಾವಳಿಯ ಬಳಿಕ ಗೆಜ್ಜೆ ಕಟ್ಟಿ ಹೊರಡುವ ಬಡಗುತಿಟ್ಟಿನ ಮೇಳಗಳು ಮಳೆಗಾಲ ಹತ್ತಿರವಾಗುವ ತನಕ ತಿರುಗಾಟದಲ್ಲಿರುತ್ತವೆ. ಮಂದಾರ್ತಿ, ಮಾರಣಕಟ್ಟೆ, ಸಾಲಿಗ್ರಾಮ ಮೊದಲಾದ ಮೇಳಗಳ ಕಲಾವಿದನೊಬ್ಬನ ದುಡಿಮೆಯನ್ನು ವರ್ತಕನ ದೃಷ್ಟಿಯಿಂದ ನೋಡಿದರೆ ಅದರಷ್ಟು ಏಕತಾನದ ಉದ್ಯೋಗ ಇನ್ನೊಂದಿಲ್ಲ. ಇಂದು ಒಂದೂರು, ನಾಳೆ ಇನ್ನೊಂದೂರು. ಆದರೆ ಸಂಜೆಯಾದರೆ ಅದೇ ಚೌಕಿ, ಅದೇ ಬಣ್ಣ, ಅದೇ ವೇಷದ ಭಾರ, ಅದೇ ನಿದ್ದೆಗೇಡು. ಹರಕೆಯ ಆಟವಾದರಂತೂ ಅದೇ ಪ್ರಸಂಗ ಮತ್ತೆ ಮತ್ತೆ ಬರುತ್ತದೆ. ಕಥೆ ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆಂಬುದು ಕಲಾವಿದನಿಗೂ ಗೊತ್ತು, ಮುಂದಿನ ಸಾಲಿನಲ್ಲಿ ಕುಳಿತ ಹಿರಿಯರಿಗೂ ಗೊತ್ತು. ಆದರೂ ಬಣ್ಣ ಹಚ್ಚಿದ ಕಲಾವಿದ ರಂಗಸ್ಥಳಕ್ಕೆ ಬಂದಾಗ ಅವನ ಮೈಯಲ್ಲಿ ಬೇಸರದ ಸುಳಿವಿರುವುದಿಲ್ಲ. ಕಾರಣವೇನು?

ಯಕ್ಷಗಾನದಲ್ಲಿ ಪದ್ಯ ನಿಗದಿಯಾಗಿದೆ. ಅದು ಭಾಗವತರ ಬಾಯಲ್ಲಿ ಬರುತ್ತದೆ. ಆದರೆ ಆ ಪದ್ಯಕ್ಕೆ ಹೇಳುವ ಅರ್ಥ ನಿಗದಿಯಾಗಿಲ್ಲ. ಅದನ್ನು ಕಲಾವಿದನು ಆ ಕ್ಷಣದಲ್ಲಿ, ಎದುರು ಪಾತ್ರಧಾರಿಯ ಮಾತಿಗೆ ತಕ್ಕಂತೆ, ನೆರೆದ ಸಭೆಗೆ ತಕ್ಕಂತೆ ತಾನೇ ಕಟ್ಟಬೇಕು. ಚೌಕಟ್ಟು ಬಿಗಿ, ಒಳಗೆ ಸ್ವಾತಂತ್ರ್ಯ. ನಿನ್ನೆ ಹೇಳದ ಒಂದು ಮಾತನ್ನು ಇಂದು ಹೇಳಿದೆನೆಂಬ ತೃಪ್ತಿ, ಎದುರಾಳಿಯ ಪ್ರಶ್ನೆಗೆ ತಕ್ಕ ಉತ್ತರ ಕೊಟ್ಟೆನೆಂಬ ಹೆಮ್ಮೆ, ಬಲ್ಲವರೊಬ್ಬರು ತಲೆದೂಗಿದರೆಂಬ ಸಮಾಧಾನ. ಈ ಮೂರೂ ಸಿಕ್ಕಿದ ರಾತ್ರಿ ಕಲಾವಿದನಿಗೆ ಆಯಾಸವಾದೀತು, ಬೇಸರವಾಗದು.

ಅಂಗಡಿ, ಕಾರ್ಖಾನೆ, ಹೋಟೆಲುಗಳ ಕೆಲಸವೂ ಹೀಗೆಯೇ. ಅಕ್ಕಿ ತೂಗುವುದು, ಹಿಟ್ಟು ರುಬ್ಬುವುದು, ಬೀಜ ಸುಲಿಯುವುದು, ಬಿಲ್ಲು ಬರೆಯುವುದು ಎಲ್ಲವೂ ಪದ್ಯ. ಅದನ್ನು ಬದಲಾಯಿಸಲು ಬರುವುದಿಲ್ಲ. ಅದಕ್ಕೆ ಅರ್ಥ ಹೇಳುವ ಅವಕಾಶ ದುಡಿಯುವವನಿಗೆ ಉಳಿದಿದೆಯೇ ಎಂಬುದೇ ಮುಖ್ಯ. ಆ ಅವಕಾಶವಿದ್ದಲ್ಲಿ ಸಾಮಾನ್ಯ ಕೆಲಸವೂ ರುಚಿಸುತ್ತದೆ. ಅದು ಮುಚ್ಚಿಹೋದಲ್ಲಿ ದೊಡ್ಡ ಸಂಬಳದ ಹುದ್ದೆಯೂ ಸಪ್ಪೆಯಾಗುತ್ತದೆ.

ಪರಂಪಳ್ಳಿಯಿಂದ ಲಾಲ್‌ಬಾಗಿನ ವರೆಗೆ

ವ್ಯಾಪಾರದಲ್ಲಿ ಇದಕ್ಕೆ ನಿದರ್ಶನ ಬೇಕೆಂದರೆ ಕೋಟದ ಸಮೀಪದ ಪರಂಪಳ್ಳಿಯತ್ತ ನೋಡಬಹುದು. ಅಲ್ಲಿಂದ ಅಡುಗೆಯ ಕೆಲಸ ಅರಸಿ ಬೆಂಗಳೂರಿಗೆ ಹೋದ ಮಯ್ಯ ಸೋದರರು 1924ರಲ್ಲಿ ಒಂದು ಸಣ್ಣ ಉಪಾಹಾರ ಗೃಹ ತೆರೆದರು. ಅದೇ ಮುಂದೆ ಲಾಲ್‌ಬಾಗ್ ರಸ್ತೆಯ ಮಾವಳ್ಳಿ ಟಿಫಿನ್ ರೂಮ್, ಅಂದರೆ ಎಂಟಿಆರ್ ಎಂದು ಹೆಸರಾಯಿತು. ಇಡ್ಲಿ, ದೋಸೆ, ಕಾಫಿ. ಕರಾವಳಿಯಿಂದ ಹೋದ ನೂರಾರು ಮಂದಿ ಮಾಡಿದ ವ್ಯಾಪಾರವೇ ಇದು. ಪದ್ಯ ಎಲ್ಲರದೂ ಒಂದೇ.

ಸೋದರರಲ್ಲಿ ಒಬ್ಬರಾದ ಯಜ್ಞನಾರಾಯಣ ಮಯ್ಯರು ಅದಕ್ಕೆ ತಮ್ಮದೇ ಅರ್ಥ ಹೇಳಿದರು. 1951ರಲ್ಲಿ ಅವರು ಯುರೋಪಿಗೆ ಹೋಗಿ ಅಲ್ಲಿನ ಉಪಾಹಾರ ಗೃಹಗಳನ್ನು ನೋಡಿ ಬಂದರು. ಸುಮಾರು ಮೂರು ದಶಕ ಕಾಲ ನಡೆದ, ಚೆನ್ನಾಗಿಯೇ ನಡೆಯುತ್ತಿದ್ದ ಹೋಟೆಲಿನ ಒಡೆಯರು ಕಲಿಯಲೆಂದು ಹೊರಟದ್ದೇ ಗಮನಾರ್ಹ. ಅಲ್ಲಿನ ಶುಚಿತ್ವವನ್ನು ಮೆಚ್ಚಿ ಮರಳಿದ ಅವರು ಪಾತ್ರೆ, ಲೋಟಗಳನ್ನು ಬಿಸಿಯಿಂದ ಶುದ್ಧೀಕರಿಸುವ ಕ್ರಮವನ್ನು ತಮ್ಮಲ್ಲಿ ಜಾರಿಗೆ ತಂದರು. ಗಿರಾಕಿಗಳಿಗೆ ಅಡುಗೆಮನೆ ಕಾಣುವಂತಿರಬೇಕು ಎಂಬುದು ಆ ಹೋಟೆಲಿನ ವೈಶಿಷ್ಟ್ಯವೇ ಆಯಿತು. ಹೊಟ್ಟೆಪಾಡಿಗೆಂದು ಹಿಡಿದ ಕೆಲಸವನ್ನು ಅಭ್ಯಾಸದ ವಿಷಯವಾಗಿ, ವಿದ್ಯೆಯಾಗಿ ಕಂಡ ರೀತಿಯಿದು. ಕೆಲಸದಲ್ಲಿ ಇನ್ನೂ ಕಲಿಯುವುದಿದೆ ಎಂದು ಭಾವಿಸಿದವನಿಗೆ ಬೇಸರ ಬರಲು ಪುರಸೊತ್ತಿರುವುದಿಲ್ಲ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಯ ಅಭಾವ ಉಂಟಾದಾಗ ಅದೇ ಹೋಟೆಲಿನವರು ರವೆಯಿಂದ ಇಡ್ಲಿ ಮಾಡಿ ನೋಡಿದ ಕಥೆ ಪ್ರಸಿದ್ಧವೇ ಆಗಿದೆ. 1975ರ ತುರ್ತು ಪರಿಸ್ಥಿತಿಯಲ್ಲಿ ಹೋಟೆಲ್ ತಿಂಡಿಗಳಿಗೆ ಸರಕಾರವು ಕಡಿಮೆ ದರ ನಿಗದಿ ಮಾಡಿದಾಗ ಮಯ್ಯರ ಮನೆತನದ ಮುಂದೆ ಎರಡು ದಾರಿಗಳಿದ್ದವು. ತುಪ್ಪ, ಕಾಫಿಪುಡಿಗಳ ಗುಣಮಟ್ಟ ತಗ್ಗಿಸಿ ಹೋಟೆಲು ನಡೆಸುವುದು ಒಂದು. ತಗ್ಗಿಸದೆ ನಷ್ಟಕ್ಕೆ ಸಿದ್ಧವಾಗುವುದು ಇನ್ನೊಂದು. ಅವರು ತಗ್ಗಿಸಲು ಒಪ್ಪಲಿಲ್ಲ. ಹೋಟೆಲನ್ನು ಬದಿಗಿಟ್ಟು ಸಿದ್ಧಪಡಿಸಿದ ಪುಡಿ, ಮಿಶ್ರಣಗಳ ಮಾರಾಟದತ್ತ ತಿರುಗಿದರು. ಆ ಕವಲೇ ಮುಂದೆ ದೊಡ್ಡ ಉದ್ಯಮವಾಯಿತು. ಹೋಟೆಲೂ ಮತ್ತೆ ಬಾಗಿಲು ತೆರೆಯಿತು.

ಎಲ್ಲರಿಗೂ ಇಂತಹ ಫಲ ದೊರೆಯುತ್ತದೆಂದು ಹೇಳಲಾಗದು. ಆದರೆ ಒಂದು ಮಾತು ಸ್ಪಷ್ಟ. ‘ಇದಕ್ಕಿಂತ ಕೆಳಗೆ ಇಳಿಯುವುದಿಲ್ಲ’ ಎಂಬ ಒಂದು ಗೆರೆಯನ್ನು ಎಳೆದುಕೊಂಡವನಿಗೆ ತನ್ನ ಕೆಲಸದ ಮೇಲೆ ಅಭಿಮಾನ ಉಳಿಯುತ್ತದೆ. ಪ್ರತಿ ಗಿರಾಕಿಯ ಚೌಕಾಸಿಗೆ ತಕ್ಕಂತೆ ಗೆರೆಯನ್ನು ಅಳಿಸುತ್ತ ಹೋದವನಿಗೆ ಗಲ್ಲಾಪೆಟ್ಟಿಗೆ ತುಂಬಿದರೂ ಒಳಗೆ ಏನೋ ಬರಿದಾಗುತ್ತದೆ. ಕಲಬೆರಕೆಯ ಸರಕು ಮಾರಿದ ರಾತ್ರಿ ಯಾರೂ ಅದನ್ನು ಮಕ್ಕಳೆದುರು ಹೆಮ್ಮೆಯಿಂದ ಹೇಳಿಕೊಳ್ಳುವುದಿಲ್ಲ.

ಗೇರುಬೀಜದ ಮೇಜಿನ ಸುತ್ತ

ಒಡೆಯನ ಮಾತು ಇಷ್ಟಾಯಿತು. ಅವನ ಬಳಿ ದುಡಿಯುವವರ ಮಾತೇನು? ವರ್ತಕನಿಗೆ ಹೋಲಿಸಿದರೆ ಅವರಿಗೆ ಅರ್ಥ ಹೇಳುವ ಅವಕಾಶ ಬಹಳ ಕಡಿಮೆ. ಇಲ್ಲಿಯೇ ಉದ್ದಿಮೆದಾರರು ತಮ್ಮನ್ನು ತಾವು ಪ್ರಶ್ನಿಸಿಕೊಳ್ಳಬೇಕಾಗಿದೆ.

ಕುಂದಾಪುರ ಸೀಮೆಯ ಗೇರುಬೀಜ ಕಾರ್ಖಾನೆಗಳನ್ನೇ ತೆಗೆದುಕೊಳ್ಳಬಹುದು. ಹಸಿಬೀಜವನ್ನು ಹಬೆಯಲ್ಲಿ ಬೇಯಿಸುವುದು, ಹೊರಚಿಪ್ಪು ಒಡೆಯುವುದು, ಬಿಸಿಗಾಳಿಯಲ್ಲಿ ಒಣಗಿಸುವುದು, ಒಳಸಿಪ್ಪೆ ಸುಲಿಯುವುದು, ಕೊನೆಗೆ ದರ್ಜೆ ವಿಂಗಡಿಸುವುದು. ಈ ಸಾಲಿನಲ್ಲಿ ಹೆಚ್ಚಿನ ಕೈಗಳು ಮಹಿಳೆಯರವು. ವ್ಯಾಪಾರದಲ್ಲಿ 320 ಎಂದು ಕರೆಯುವ ದರ್ಜೆಯೆಂದರೆ ಒಂದು ಪೌಂಡಿಗೆ 300ರಿಂದ 320 ಇಡಿ ಬೀಜಗಳು. 240 ಎಂದರೆ 220ರಿಂದ 240. ಇಡಿ ಬೀಜಕ್ಕೂ ತುಂಡಿಗೂ ಬೆಲೆಯಲ್ಲಿ ಎಷ್ಟು ಅಂತರವಿದೆಯೆಂದು ಒಡೆಯನಿಗೆ ಗೊತ್ತು. ಒಂದು ಬೀಜ ತುಂಡಾಗದಂತೆ ಸುಲಿಯುವ ಬೆರಳಿನ ಹದ ಆ ಹೆಂಗಸಿಗೆ ಗೊತ್ತು. ಆದರೆ ಆಕೆ ಸುಲಿದ ಬೀಜ ಯಾವ ಊರಿಗೆ ಹೋಯಿತು, ಯಾವ ದರ್ಜೆಯಾಯಿತು, ಗಿರಾಕಿ ಏನೆಂದ ಎಂಬುದು ಆಕೆಯ ಕಿವಿಗೆ ಎಂದೂ ಬೀಳುವುದಿಲ್ಲ. ಬೀಳುವುದು ಒಂದೇ ಮಾತು: ತೂಕ ಕಡಿಮೆಯಾಯಿತು.

ಅಮೆರಿಕದ ಗುಣಮಟ್ಟ ತಜ್ಞ ಎಡ್ವರ್ಡ್ಸ್ ಡೆಮಿಂಗ್ ಅವರು 1950ರಲ್ಲಿ ಜಪಾನಿಗೆ ಹೋಗಿ ಅಲ್ಲಿನ ಕೈಗಾರಿಕೋದ್ಯಮಿಗಳಿಗೆ ಗುಣಮಟ್ಟ ನಿಯಂತ್ರಣದ ಪಾಠ ಹೇಳಿದರು. ಯುದ್ಧದಲ್ಲಿ ಸೋತ ದೇಶದ ಸರಕು ಮುಂದೆ ಜಗತ್ತಿನ ಮಾರುಕಟ್ಟೆಯನ್ನು ಗೆದ್ದ ಕಥೆಯಲ್ಲಿ ಅವರ ಹೆಸರು ತಪ್ಪದೆ ಬರುತ್ತದೆ. ಆಡಳಿತ ನಡೆಸುವವರಿಗೆ ಅವರು ಹೇಳಿದ 14 ಸೂತ್ರಗಳಲ್ಲಿ ಯಂತ್ರದ ಮಾತಿಗಿಂತ ಮನುಷ್ಯರ ಮಾತೇ ಹೆಚ್ಚು. ದುಡಿಯುವವನಿಂದ ತನ್ನ ಕೆಲಸದ ಅಭಿಮಾನವನ್ನು ಕಸಿದುಕೊಳ್ಳುವ ಅಡ್ಡಿಗಳನ್ನು ತೆಗೆದುಹಾಕಬೇಕು ಎಂಬುದು ಅವುಗಳಲ್ಲಿ ಒಂದು. ಕೆಲಸದವರಿಗೆ ಅಭಿಮಾನವನ್ನು ಹೊರಗಿನಿಂದ ತುಂಬಿರೆಂದು ಅವರು ಹೇಳಲಿಲ್ಲ. ಅದು ಮೊದಲೇ ಇರುತ್ತದೆ, ಅಡ್ಡ ಬರಬೇಡಿ ಎಂಬುದು ಆ ಮಾತಿನ ಇಂಗಿತ.

ಅಡ್ಡಿಗಳು ಯಾವುವು? ಮೊಂಡಾದ ಕತ್ತಿ, ಸಾಲದ ಬೆಳಕು, ಕೂರಲು ಸರಿಯಿಲ್ಲದ ಹಲಗೆ, ಸಂಖ್ಯೆಯೊಂದನ್ನೇ ನೋಡುವ ಮೇಸ್ತ್ರಿ, ತಪ್ಪಾದಾಗ ಮಾತ್ರ ಹೆಸರು ಹಿಡಿದು ಕರೆಯುವ ಒಡೆಯ. ಇವನ್ನು ಸರಿಪಡಿಸಲು ದೊಡ್ಡ ಬಂಡವಾಳ ಬೇಕಾಗಿಲ್ಲ. ಸುಲಿಯುವ, ವಿಂಗಡಿಸುವ ಯಂತ್ರಗಳು ಬಂದಿರುವ ಈ ದಿನಗಳಲ್ಲಿ ಮನುಷ್ಯರ ಕೈಗೆ ಉಳಿಯುವುದು ಯಂತ್ರಕ್ಕೆ ದಕ್ಕದ ಹದದ ಕೆಲಸ. ಅಂತಹ ಕೆಲಸ ಮಾಡುವವರನ್ನು ಯಂತ್ರದಂತೆ ಕಂಡರೆ ನಷ್ಟ ಒಡೆಯನದೇ.

ಹಿಂದೆ ಹೆಂಚಿನ ಕಾರ್ಖಾನೆಗಳಲ್ಲಿ ಈ ಹದವನ್ನು ಬಲ್ಲ ಹಿರಿಯರಿದ್ದರು. 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು ಆರಂಭಿಸಿದ ಹೆಂಚಿನ ಉದ್ಯಮ ಕರಾವಳಿಯ ಉದ್ದಕ್ಕೂ ಹಬ್ಬಿ ಕುಂದಾಪುರ, ಬ್ರಹ್ಮಾವರದ ಹೊಳೆದಂಡೆಗಳ ವರೆಗೂ ಬಂತು. ಆವೆಮಣ್ಣನ್ನು ಕೈಯಲ್ಲಿ ಹಿಸುಕಿ ಹದ ಹೇಳುವುದು, ಬೆಂಕಿಯ ಬಣ್ಣ ನೋಡಿ ಭಟ್ಟಿಯ ಬಿಸಿ ಹೇಳುವುದು, ಸುಟ್ಟ ಹೆಂಚನ್ನು ಬೆರಳಿನಿಂದ ತಟ್ಟಿ ಅದರ ನಾದದಿಂದಲೇ ಬಿರುಕಿದೆಯೇ ಇಲ್ಲವೇ ಎಂದು ತಿಳಿಯುವುದು ಅಂಥವರ ವಿದ್ಯೆಯಾಗಿತ್ತು. ದಿನಕ್ಕೆ ಸಾವಿರ ಹೆಂಚು ಕೈದಾಟಿದರೂ ಪ್ರತಿಯೊಂದರ ನಾದ ಕೇಳುವ ಕಿವಿ ಅವರಿಗಿತ್ತು. ಅದೇ ಅವರ ಅರ್ಥಗಾರಿಕೆ.

ಸಂತೋಷ ಕೂಲಿಗೆ ಬದಲಿಯಲ್ಲ

ಇಷ್ಟು ಓದಿದ ಅನುಭವಿ ಉದ್ದಿಮೆದಾರರು ಒಂದು ಆಕ್ಷೇಪ ಎತ್ತಬಹುದು. ಹೆಂಚಿನ ನಾದ ಕೇಳುವ ಕಿವಿಗಳಿದ್ದರೂ ಆ ಕಾರ್ಖಾನೆಗಳಲ್ಲಿ ಹೆಚ್ಚಿನವು ಏಕೆ ಮುಚ್ಚಿದವು? ಆಕ್ಷೇಪ ನ್ಯಾಯವಾದದ್ದೇ. ಮನೆಗಳಿಗೆ ಕಾಂಕ್ರೀಟು ತಾರಸಿ ಬಂತು, ಮಣ್ಣು ಸಿಗುವುದು ಕಷ್ಟವಾಯಿತು, ಕಟ್ಟಿಗೆಯ ಬೆಲೆ ಏರಿತು. ಕೆಲಸದ ಮೇಲಿನ ಪ್ರೀತಿಯೊಂದೇ ಮಾರುಕಟ್ಟೆಯನ್ನು ಹಿಡಿದು ನಿಲ್ಲಿಸಲಾರದು. ಹಾಗೆಂದು ಹೇಳುವವರು ವರ್ತಕರನ್ನು ದಾರಿ ತಪ್ಪಿಸುತ್ತಾರೆ.

ಕೈಮಗ್ಗದ ಉಡುಪಿ ಸೀರೆಯ ಕಥೆ ಈ ವಿಷಯದಲ್ಲಿ ಇನ್ನಷ್ಟು ಬೆಳಕು ನೀಡುತ್ತದೆ. ಅವಿಭಜಿತ ದಕ್ಷಿಣ ಕನ್ನಡದ ನೇಕಾರರ ಸಹಕಾರ ಸಂಘಗಳಲ್ಲಿ ಒಂದು ಕಾಲಕ್ಕೆ ಮಗ್ಗಗಳ ಸದ್ದು ತುಂಬಿತ್ತು. ನೇಯುವವರಿಗೆ ಕಸುಬಿನ ಮೇಲೆ ಪ್ರೀತಿ ಇರಲಿಲ್ಲವೆನ್ನಲು ಬರುವುದಿಲ್ಲ. ಆದರೆ ದಿನವಿಡೀ ನೇಯ್ದರೂ ಮನೆ ನಡೆಯದಿದ್ದಾಗ ಮಕ್ಕಳು ಬೇರೆ ದಾರಿ ಹಿಡಿದರು, ವಯಸ್ಸಾದವರು ಮಾತ್ರ ಮಗ್ಗದಲ್ಲಿ ಉಳಿದರು. 2016ರಲ್ಲಿ ಉಡುಪಿ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. 2018ರಿಂದ ಕಾರ್ಕಳದ ಕದಿಕೆ ಟ್ರಸ್ಟ್ ತಾಳಿಪಾಡಿ ನೇಕಾರರ ಸಂಘದೊಡನೆ ಪುನಶ್ಚೇತನದ ಕೆಲಸಕ್ಕೆ ಇಳಿಯಿತು. ನೇಕಾರರಿಗೆ ಮನ್ನಣೆ ಮತ್ತು ಒಳ್ಳೆಯ ಮಜೂರಿ, ಸೀರೆಗೆ ತಕ್ಕ ಬೆಲೆ, ಅಡಿಕೆಯ ಚೊಗರಿನಂತಹ ಸಹಜ ಬಣ್ಣಗಳ ಬಳಕೆ ಇವು ಒಟ್ಟಿಗೆ ಬಂದ ಮೇಲೆ, ಬಿಟ್ಟು ಹೋದ ಕೆಲವರು ಮಗ್ಗಕ್ಕೆ ಮರಳಿದರು.

ಇದರಿಂದ ತಿಳಿಯುವುದೇನೆಂದರೆ ಸಂತೋಷಕ್ಕೂ ಸಂಬಳಕ್ಕೂ ವಿರೋಧವಿಲ್ಲ. ಒಂದರ ಜಾಗವನ್ನು ಇನ್ನೊಂದು ತುಂಬುವುದೂ ಇಲ್ಲ. ಕೂಲಿ ಏರಿಸಲು ಮನಸ್ಸಿಲ್ಲದ ಒಡೆಯ ಗೋಡೆಯ ಮೇಲೆ ಕಾಯಕದ ಹಿರಿಮೆಯ ಫಲಕ ತೂಗು ಹಾಕಿದರೆ ಅದು ಉಪದೇಶವೂ ಅಲ್ಲ, ವ್ಯಾಪಾರವೂ ಅಲ್ಲ, ವಂಚನೆ. ನ್ಯಾಯವಾದ ಕೂಲಿ ಕೊಟ್ಟ ಮೇಲೆಯೇ ಅಭಿಮಾನದ ಮಾತಾಡುವ ಹಕ್ಕು ಒಡೆಯನಿಗೆ ಬರುತ್ತದೆ. ಕೂಲಿ ಕೊಟ್ಟು ಅಭಿಮಾನ ಕಸಿದರೂ ಅಷ್ಟೇ, ಜಾಣ ಕೈಗಳು ನಿಲ್ಲುವುದಿಲ್ಲ.

ವಿಶ್ರಾಂತಿಯ ಮಾತೂ ಇಲ್ಲಿಯೇ ಬರಬೇಕು. ಗಂಗೊಳ್ಳಿಯ ಬಂದರಿನಲ್ಲಿ ಜೂನ್ 1ರಿಂದ ಜುಲೈ 31ರ ವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನಿನ ಸಂತತಿ ಉಳಿಯಲೆಂದು ಮಾಡಿದ ನಿಯಮವಿದು. ಆ ದಿನಗಳಲ್ಲಿ ಬಲೆಗಳ ದುರಸ್ತಿಯಾಗುತ್ತದೆ, ದೋಣಿಗಳಿಗೆ ಬಣ್ಣ ಬೀಳುತ್ತದೆ, ಇಂಜಿನು ಬಿಚ್ಚಿ ಜೋಡಿಸುತ್ತಾರೆ. ಕಡಲಿಗೇ ರಜೆ ಬೇಕಾದರೆ ಮನುಷ್ಯನಿಗೆ ಬೇಡವೇ? 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯು ನೌಕರರಿಗೆ ವಾರಕ್ಕೊಂದು ರಜೆ ಕೊಡಬೇಕೆನ್ನುತ್ತದೆ. ನೌಕರನಿಗೆ ರಜೆ ಕೊಟ್ಟ ಒಡೆಯನೂ ಎಷ್ಟೋ ಕಡೆ ತನಗೆ ಮಾತ್ರ ಕೊಟ್ಟುಕೊಳ್ಳುವುದಿಲ್ಲ. ವರ್ಷವಿಡೀ ಬಲೆ ಬೀಸುವವನ ಬಲೆ ಹರಿದಿರುತ್ತದೆ. ಅವನಿಗದು ಗೊತ್ತಾಗುವುದು ಮೀನು ಜಾರಿಹೋದ ಮೇಲೆ.

ದಾರ ಹಿಡಿದ ಕೈ

ಮಕ್ಕಳ ಪ್ರಶ್ನೆಗೆ ಮತ್ತೆ ಬರೋಣವೆಂದರೆ, ಕುಂದಾಪುರದ ಸಮೀಪದ ಉಪ್ಪಿನಕುದ್ರುವಿನ ಶ್ರೀ ಗಣೇಶ ಯಕ್ಷಗಾನ ಗೊಂಬೆಯಾಟ ಮಂಡಳಿಯ ಉದಾಹರಣೆ ಕಣ್ಣೆದುರಿಗಿದೆ. ಕೊಗ್ಗ ದೇವಣ್ಣ ಕಾಮತರಿಗೆ 1980ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ದೊರೆಯಿತು. ಅವರ ಬಳಿಕ ಮಗ ಭಾಸ್ಕರ ಕೊಗ್ಗ ಕಾಮತರು ಮಂಡಳಿಯನ್ನು ಮುನ್ನಡೆಸಿಕೊಂಡು ಬಂದರು. ತಲೆಮಾರುಗಳಿಂದ ಒಂದೇ ಮನೆತನದಲ್ಲಿ ಬಂದ ವಿದ್ಯೆ ಅದು. ಲಾಭದ ಲೆಕ್ಕ ಹಾಕಿದರೆ ಗೊಂಬೆಯಾಟಕ್ಕಿಂತ ಒಳ್ಳೆಯ ವ್ಯಾಪಾರ ಎಷ್ಟೋ ಇವೆ. ಆದರೂ ವಿದ್ಯೆ ತಂದೆಯಿಂದ ಮಗನಿಗೆ ದಾಟಿತು. ಪರದೆಯ ಹಿಂದೆ ದಾರ ಹಿಡಿದ ಕೈ ಮರದ ಗೊಂಬೆಗೆ ಜೀವ ತುಂಬುವುದನ್ನು ಹತ್ತಿರದಿಂದ ನೋಡುತ್ತ ಬೆಳೆಯುವ ಮಗುವಿಗೆ ಆ ಕೆಲಸ ಬರಿಯ ಕೆಲಸವಾಗಿ ಕಾಣುವುದಿಲ್ಲ.

ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಇದೇ ಸೀಮೆಯ ಒಂದು ಮನೆತನದ ಮೂರು ತಲೆಮಾರುಗಳ ಕಥೆ. ಅದರಲ್ಲಿ ಮಗ ಊರು ಬಿಡುತ್ತಾನೆ, ಮೊಮ್ಮಗ ನಗರಗಳನ್ನು ಕಂಡು ಊರಿಗೆ ಮರಳುತ್ತಾನೆ. ಕಡಲು ಮತ್ತು ಹೊಳೆಯ ನಡುವಿನ ಬಡ ನೆಲದಲ್ಲಿ ಮನೆಯ ಹೆಂಗಸರು ಮೈ ಮುರಿದು ದುಡಿದ ಚಿತ್ರ ಓದಿದವರ ಮನಸ್ಸಿನಿಂದ ಮಾಸುವುದಿಲ್ಲ. ಮೊಮ್ಮಗನನ್ನು ಮರಳಿ ಎಳೆದುದು ಆ ನೆಲದ ಆದಾಯವಾಗಿರಲಿಲ್ಲ. ಅಲ್ಲಿ ಅವನಿಗೆ ಪ್ರಿಯವಾದುದು ಏನೋ ಇತ್ತು. ಕಾದಂಬರಿಯ ಮಾತು ಕಾದಂಬರಿಗೇ ಇರಲಿ ಎನ್ನುವವರೂ, ತಮ್ಮ ಅಂಗಡಿಯಲ್ಲಿ ಮಕ್ಕಳಿಗೆ ಪ್ರಿಯವಾಗಬಹುದಾದದ್ದು ಏನಿದೆಯೆಂದು ಒಮ್ಮೆ ಕೇಳಿಕೊಳ್ಳುವುದು ಒಳಿತು.

ಎಲ್ಲ ಮಕ್ಕಳೂ ಅಂಗಡಿಗೇ ಬರಬೇಕೆಂಬ ಹಠ ಸಲ್ಲದು. ಬೇರೆ ವಿದ್ಯೆಯಲ್ಲಿ ಮನಸ್ಸಿರುವವರು ಅಲ್ಲಿಗೇ ಹೋಗಲಿ. ಆದರೆ ಅವರು ಬಿಟ್ಟು ಹೋಗುವುದು ಅಂಗಡಿಯನ್ನು ಅರಿತ ಮೇಲೆ ಆಗಬೇಕು, ತಂದೆಯ ನಿಟ್ಟುಸಿರಿಗೆ ಹೆದರಿ ಆಗಬಾರದು.

ನಾಳೆಯಿಂದ ಮಾಡಬಹುದಾದದ್ದು

ದೊಡ್ಡ ಯೋಜನೆಗಳು ಬೇಕಾಗಿಲ್ಲ. ಕೆಲವು ಸಣ್ಣ ಕ್ರಮಗಳು ಸಾಕು.

ಮೊದಲನೆಯದಾಗಿ, ಒಡೆಯನು ದಿನದಲ್ಲಿ ಒಂದು ಕೆಲಸವನ್ನಾದರೂ ತನ್ನ ಕೈಯಾರೆ, ತನ್ನ ಮನಸ್ಸು ಒಪ್ಪುವಂತೆ ಮಾಡಬೇಕು. ಹೋಟೆಲಿನವರಿಗೆ ಅದು ಬೆಳಗಿನ ಮೊದಲ ಕಾಫಿಯ ಡಿಕಾಕ್ಷನ್ ಆಗಬಹುದು. ಜವಳಿ ವರ್ತಕರಿಗೆ ಒಂದು ಥಾನು ಬಿಚ್ಚಿ ತೋರಿಸುವುದಾಗಬಹುದು. ವರ್ಕ್‌ಶಾಪಿನವರಿಗೆ ಲೇತಿನ ಮೇಲೆ ಒಂದು ಬಿಡಿಭಾಗ ಕೊರೆಯುವುದಾಗಬಹುದು. ವ್ಯಾಪಾರ ಬೆಳೆದಂತೆ ಒಡೆಯನ ಕೈಗೆ ಲೆಕ್ಕ, ಸಾಲ, ಜಗಳಗಳಷ್ಟೇ ಉಳಿದು, ಕಸುಬು ಬೇರೆಯವರ ಕೈ ಸೇರುತ್ತದೆ. ಯಾವ ಕೆಲಸ ಇಷ್ಟವಾಗಿ ಈ ವ್ಯಾಪಾರಕ್ಕೆ ಇಳಿದರೋ ಅದನ್ನೇ ಬಿಟ್ಟುಕೊಟ್ಟವರಿಗೆ ಬೇಸರ ಬರುವುದರಲ್ಲಿ ಆಶ್ಚರ್ಯವಿಲ್ಲ.

ಎರಡನೆಯದಾಗಿ, ಪ್ರತಿ ಕೆಲಸಗಾರನಿಗೂ ಒಂದು ನಿರ್ಧಾರವನ್ನು ಪೂರ್ತಿಯಾಗಿ ಬಿಟ್ಟುಕೊಡಬೇಕು. ಇಂತಿಷ್ಟು ರೂಪಾಯಿಯ ಒಳಗಿನ ಸರಕನ್ನು ಗಿರಾಕಿ ಹಿಂದಿರುಗಿಸಿದರೆ ಒಡೆಯನನ್ನು ಕೇಳದೆ ಬದಲಿಸಿ ಕೊಡುವ ಅಧಿಕಾರ, ಕಪಾಟಿನಲ್ಲಿ ಸರಕು ಜೋಡಿಸುವ ಕ್ರಮ, ಕಳಪೆಯೆನಿಸಿದ ಮಾಲನ್ನು ಪ್ಯಾಕಿಂಗಿನಿಂದ ಹೊರಗೆ ತೆಗೆದಿಡುವ ಸ್ವಾತಂತ್ರ್ಯ, ಇವುಗಳಲ್ಲಿ ಯಾವುದಾದರೂ ಸರಿ. ಆರಂಭದಲ್ಲಿ ಒಂದೆರಡು ತಪ್ಪುಗಳಾದಾವು. ಹೊಸ ಕಲಾವಿದನ ಅರ್ಥಗಾರಿಕೆಯಲ್ಲೂ ತಪ್ಪಿರುತ್ತದೆ. ಅದಕ್ಕಾಗಿ ಯಾರೂ ಅವನ ವೇಷ ಕಳಚುವುದಿಲ್ಲ.

ಮೂರನೆಯದಾಗಿ, ಗಿರಾಕಿಯ ಮೆಚ್ಚುಗೆಯನ್ನು ಗಲ್ಲಾಪೆಟ್ಟಿಗೆಯ ಬಳಿಯೇ ತಡೆಹಿಡಿಯಬಾರದು. ದೂರು ಬಂದಾಗ ಅದು ಕ್ಷಣದಲ್ಲಿ ಹಿಂದಿನ ಕೋಣೆ ಮುಟ್ಟುತ್ತದೆ. ಹೊಗಳಿಕೆಯೂ ಅಷ್ಟೇ ಬೇಗ ಮುಟ್ಟಬೇಕು. ಮುಂಬಯಿಯ ವರ್ತಕರು ಸರಕು ಚೆನ್ನಾಗಿತ್ತೆಂದು ಫೋನು ಮಾಡಿದರೆ ಆ ಮಾತನ್ನು ಸುಲಿಯುವ ಮೇಜಿನ ಬಳಿ ಹೋಗಿ, ಸುಲಿದವರ ಹೆಸರು ಹಿಡಿದು ಹೇಳುವುದಕ್ಕೆ ಖರ್ಚಿಲ್ಲ.

ನಾಲ್ಕನೆಯದಾಗಿ, ಮಕ್ಕಳನ್ನು ಅಂಗಡಿಗೆ ಕರೆಯುವ ಹೊತ್ತನ್ನು ಬದಲಿಸಬೇಕು. ಸಾಮಾನ್ಯವಾಗಿ ಅವರು ಬರುವುದು ಲೆಕ್ಕ ತಾಳೆಯಾಗದ ದಿನ, ಆಳು ಬಾರದ ದಿನ. ಹೊಸ ಸರಕಿನ ಕಟ್ಟು ಬಿಚ್ಚುವ ದಿನ, ಹಳೆಯ ಗಿರಾಕಿಯೊಬ್ಬರು ಮೊಮ್ಮಗಳ ಮದುವೆಯ ಜವಳಿಗೆ ಬಂದ ದಿನ, ಹೊಸ ಯಂತ್ರಕ್ಕೆ ಪೂಜೆಯ ದಿನ ಅವರನ್ನು ಕರೆಯಬಹುದು. ರಾತ್ರಿಯ ಊಟದ ಹೊತ್ತಿನಲ್ಲಿ ಬಾಕಿದಾರರ ಹೆಸರಿಗೆ ಮೊದಲು ಆ ದಿನ ಚೆನ್ನಾಗಿ ಆದ ಒಂದು ಕೆಲಸದ ಮಾತು ಬರಲಿ. ಸುಳ್ಳು ಹೇಳಬೇಕಾಗಿಲ್ಲ. ಕಷ್ಟವನ್ನು ಮುಚ್ಚಿಡಬೇಕಾಗಿಯೂ ಇಲ್ಲ. ಒಂದು ದಿನದಲ್ಲಿ ಹೇಳಲು ಅಂತಹ ಒಂದು ಮಾತೂ ಸಿಗದಿದ್ದರೆ, ಆ ವ್ಯಾಪಾರದಲ್ಲಿ ಸರಿಪಡಿಸಬೇಕಾದದ್ದು ಬೇರೆಯೇ ಇದೆಯೆಂದು ತಿಳಿಯಬೇಕು.

ಸಾಲ ತೀರಿಸುವ ಶಕ್ತಿ, ತೆರಿಗೆಯ ಶಿಸ್ತು, ಮಾರುಕಟ್ಟೆಯ ತಿಳಿವಳಿಕೆ ಇವುಗಳಿಗೆ ಸಂತೋಷ ಪರ್ಯಾಯವಾಗದು. ಆದರೆ ಇವೆಲ್ಲ ಇದ್ದೂ ಸಂತೋಷವಿಲ್ಲದ ಅಂಗಡಿ ಒಡೆಯನ ಜೀವಮಾನದೊಡನೆ ಮುಗಿಯುತ್ತದೆ. ಪರಂಪಳ್ಳಿಯಿಂದ ಹೊರಟವರ ಕಾಫಿಯ ಲೋಟ ಶತಮಾನ ದಾಟಿದೆ. ಉಪ್ಪಿನಕುದ್ರುವಿನ ಗೊಂಬೆಗಳು ತಲೆಮಾರುಗಳನ್ನು ದಾಟಿವೆ. ಅವರಿಗೂ ಪ್ರತಿದಿನ ಬಂದದ್ದು ಅದೇ ಪದ್ಯವೇ.

ನಾಳೆ ಬೆಳಗ್ಗೆ ಶಟರು ಎತ್ತುವಾಗ ಕುಂದಾಪುರ, ಬೈಂದೂರು, ಬ್ರಹ್ಮಾವರದ ವರ್ತಕರ ಮುಂದೆಯೂ ಹಳೆಯ ಪದ್ಯವೇ ಇರುತ್ತದೆ. ಅರ್ಥ ಹೇಳುವ ಸರದಿ ಅವರದು. ಕೇಳಲು ಮನೆಯಲ್ಲಿ ಮಕ್ಕಳಿದ್ದಾರೆ.